ಬ್ಯಾಟರಿ ಬದಲಿಸಿದರೂ ಥರ್ಮೋಸ್ಟಾಟ್ ಆರಿಹೋಗುತ್ತಿದೆಯೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಸ್ಮಾರ್ಟ್ ಥರ್ಮೋಸ್ಟಾಟ್‌ನ ಬ್ಯಾಟರಿ ಮತ್ತೆ ಮತ್ತೆ ಬರಿದಾಗುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಥರ್ಮೋಸ್ಟಾಟ್ ಎಂದರೆ ಕೋಣೆಯ ತಾಪಮಾನ ನೋಡಿ ಬಿಸಿ, ತಂಪು ಯಂತ್ರಗಳನ್ನು ಹಚ್ಚಿ ಆರಿಸುವ ಗೋಡೆಯ ಸಾಧನ. ಬಹಳ ಮಂದಿ ಕೇಳುವುದು ಯಾವ ಬ್ಯಾಟರಿ ಕೊಳ್ಳಬೇಕು ಎಂದು. ಗೋಡೆಯ ವೈರ್‌ನಿಂದ ಚಾರ್ಜ್ ಆಗುವ ಸಾಧನದಲ್ಲಿ ಬ್ಯಾಟರಿ ಎಂದರೆ ಮಹಡಿಯ ಮೇಲಿನ ನೀರಿನ ತೊಟ್ಟಿ ಇದ್ದ ಹಾಗೆ. ಕೆಳಗಿನಿಂದ ನೀರು ಏರದಿದ್ದರೆ ತೊಟ್ಟಿ ಬದಲಿಸಿ ಫಲವಿಲ್ಲ. ಆದ್ದರಿಂದ ಮೊದಲು ಕೈಗೆ ತೆಗೆದುಕೊಳ್ಳಬೇಕಾದದ್ದು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್, ಹೊಸ ಬ್ಯಾಟರಿ ಆಮೇಲೆ.

ಪ್ರಶ್ನೆ: ನಮ್ಮ ಥರ್ಮೋಸ್ಟಾಟ್‌ನ ಒಳಗೇ ರೀಚಾರ್ಜ್ ಆಗುವ ಬ್ಯಾಟರಿ ಇದೆ. ಹಿಂಬದಿಯ ಯುಎಸ್‌ಬಿ ಕಿಂಡಿಯಿಂದ ಚಾರ್ಜ್ ಮಾಡಿ ಗೋಡೆಗೆ ಸಿಕ್ಕಿಸಿದರೆ ಎರಡು ಮೂರು ದಿನ ಚೆನ್ನಾಗಿರುತ್ತದೆ. ಆಮೇಲೆ ವೈಫೈ ಬಿಟ್ಟುಹೋಗುತ್ತದೆ, ಕೊನೆಗೆ ಪರದೆ ಕಪ್ಪಾಗಿ ಕೆಂಪು ದೀಪ ಮಿನುಗುತ್ತದೆ. ಗೋಡೆಯಲ್ಲಿ ಆರ್, ಡಬ್ಲ್ಯು, ವೈ, ಜಿ ಎಂಬ ನಾಲ್ಕು ವೈರ್‌ಗಳಿವೆ. ಸಾಧನವೇ ಕೆಟ್ಟಿದೆಯೇ?

ಉತ್ತರ: ಸಾಧನ ಕೆಟ್ಟಿರುವ ಸಾಧ್ಯತೆ ಕಡಿಮೆ. ನೀವು ಹೇಳಿದ ನಾಲ್ಕು ವೈರ್‌ಗಳಲ್ಲಿ ‘ಸಿ’ ಇಲ್ಲ. ಸಮಸ್ಯೆಯ ಬೇರು ಅಲ್ಲಿದೆ.

ಫರ್ನೇಸ್ (ಮನೆಯನ್ನು ಬಿಸಿ ಮಾಡುವ ಯಂತ್ರ) ಅಥವಾ ಏರ್ ಹ್ಯಾಂಡ್ಲರ್ (ಮನೆಯೊಳಗೆ ಗಾಳಿ ಹಾಯಿಸುವ ಯಂತ್ರ) ಒಳಗಿನ ಸಣ್ಣ ಟ್ರಾನ್ಸ್‌ಫಾರ್ಮರ್ 24 ವೋಲ್ಟ್ ಎಸಿ, ಅಂದರೆ ದಿಕ್ಕು ಬದಲಿಸುತ್ತಿರುವ ವಿದ್ಯುತ್ತು, ಕೊಡುತ್ತದೆ. ಆರ್ ವೈರ್ ಆ ವಿದ್ಯುತ್ತನ್ನು ಗೋಡೆಗೆ ತರುತ್ತದೆ. ಡಬ್ಲ್ಯು ಎಂದರೆ ಬಿಸಿ, ವೈ ಎಂದರೆ ತಂಪು, ಜಿ ಎಂದರೆ ಫ್ಯಾನ್. ಹಳೆಯ ಥರ್ಮೋಸ್ಟಾಟ್ ಬರೀ ಒಂದು ಸ್ವಿಚ್ ಆಗಿತ್ತು. ಆರ್ ಅನ್ನು ಬೇಕಾದ ವೈರ್‌ಗೆ ತಾಗಿಸಿದರೆ ಅದರ ಕೆಲಸ ಮುಗಿಯಿತು, ತನಗಾಗಿ ವಿದ್ಯುತ್ ಬೇಕಿರಲಿಲ್ಲ. ಹಾಗಾಗಿ ಟ್ರಾನ್ಸ್‌ಫಾರ್ಮರ್‌ನ ಇನ್ನೊಂದು ತುದಿಗೆ ಹಿಂದಿರುಗುವ ವೈರ್, ಅಂದರೆ ಸಿ, ಎಷ್ಟೋ ಮನೆಗಳಲ್ಲಿ ಗೋಡೆಯವರೆಗೆ ಜೋಡಣೆಯಾಗಲೇ ಇಲ್ಲ.

ಪರದೆ, ವೈಫೈ, ಸೆನ್ಸರ್ ಇರುವ ಇಂದಿನ ಸಾಧನಕ್ಕೆ ಹಗಲಿರುಳೂ ವಿದ್ಯುತ್ ಬೇಕು. ಸಿ ಇಲ್ಲದಾಗ ಕೆಲವು ಸಾಧನಗಳು ಒಂದು ಉಪಾಯ ಮಾಡುತ್ತವೆ: ಏಸಿ (ತಂಪು ಮಾಡುವ ಯಂತ್ರ) ನಿಂತಿರುವಾಗ ವೈ ವೈರ್ ಮೂಲಕ ಒಂದಿಷ್ಟು ಕರೆಂಟನ್ನು ತೊಟ್ಟು ತೊಟ್ಟಾಗಿ ಎಳೆದುಕೊಳ್ಳುತ್ತವೆ. ಆ ಕರೆಂಟ್ ಹೊರಗಿನ ಯಂತ್ರದ ಕಾಂಟ್ಯಾಕ್ಟರ್ (ಯಂತ್ರವನ್ನು ಹಚ್ಚಿ ಆರಿಸುವ ವಿದ್ಯುತ್ ಸ್ವಿಚ್) ಸುರುಳಿಯ ಮೂಲಕವೇ ಹರಿದರೂ ಸುರುಳಿ ಎಳೆದುಕೊಳ್ಳುವಷ್ಟು ಬಲ ಅದಕ್ಕಿಲ್ಲ, ಆದ್ದರಿಂದ ಏಸಿ ಶುರುವಾಗುವುದಿಲ್ಲ. ತೊಡಕು ಎಲ್ಲಿದೆ ಎಂದರೆ, ಯಂತ್ರ ಓಡುವಾಗ ಆರ್ ಮತ್ತು ವೈ ಒಳಗೆ ಒಂದಕ್ಕೊಂದು ತಾಗಿರುತ್ತವೆ, ಅವೆರಡರ ನಡುವೆ ವೋಲ್ಟೇಜೇ ಉಳಿಯುವುದಿಲ್ಲ. ಆಗ ಸಾಧನ ಇನ್ನೊಂದು ಲೈನ್‌ನಿಂದ ಎಳೆಯಬೇಕು, ಅದೂ ಇಲ್ಲದಿದ್ದರೆ ಕ್ಷಣಕಾಲ ಸಂಪರ್ಕ ಬಿಡಿಸಿ ಎಳೆದುಕೊಳ್ಳಬೇಕು. ಕಡು ಬಿಸಿಲಿನಲ್ಲೂ ಕೊರೆಯುವ ಚಳಿಯಲ್ಲೂ ಯಂತ್ರ ಗಂಟೆಗಟ್ಟಲೆ ಓಡುತ್ತದೆ. ಬ್ಯಾಟರಿ ಕೈಕೊಡುವುದೂ ಆ ದಿನಗಳಲ್ಲೇ.

ಊಹೆ ಸಾಕು, ಅಂಕಿ ನೋಡೋಣ. ಕೆಲವು ಸಾಧನಗಳ ಮೆನುವಿನಲ್ಲೇ ವಿದ್ಯುತ್ ವಿವರ ಸಿಗುತ್ತದೆ. ನೆಸ್ಟ್ ಲರ್ನಿಂಗ್ ಥರ್ಮೋಸ್ಟಾಟ್‌ನಲ್ಲಿ ಸೆಟ್ಟಿಂಗ್ಸ್‌ನ ತಾಂತ್ರಿಕ ಮಾಹಿತಿಯ ಪುಟದಲ್ಲಿ ‘ಪವರ್’ ಎಂಬ ಭಾಗವಿದೆ. ಬ್ಯಾಟರಿ 3.8 ವೋಲ್ಟ್ ಅಥವಾ ಹೆಚ್ಚಿದ್ದರೆ ಆರಾಮ. 3.6ಕ್ಕೆ ಇಳಿದರೆ ಶಕ್ತಿ ಉಳಿಸಲು ಮೊದಲು ವೈಫೈ ಬಿಡುತ್ತದೆ. ವಿಒಸಿ, ವಿಇನ್ ಎಂಬ ಎರಡು ಅಂಕಿಗಳು 29ರಿಂದ 42 ವೋಲ್ಟ್ ಒಳಗಿರಬೇಕು. ಬರುವುದು 24 ವೋಲ್ಟ್ ತಾನೇ, 34 ಏಕೆ ತೋರಿಸುತ್ತದೆ ಎಂದು ಗಾಬರಿಯಾಗಬೇಡಿ. ಎಸಿಯನ್ನು ಡಿಸಿಗೆ, ಅಂದರೆ ಒಂದೇ ದಿಕ್ಕಿನ ವಿದ್ಯುತ್ತಿಗೆ, ತಿರುಗಿಸಿದಾಗ ಸಿಗುವುದು ಅಲೆಯ ಶಿಖರ, 24ನ್ನು 1.414ರಿಂದ ಗುಣಿಸಿದರೆ ಸುಮಾರು 34. ಐಇನ್ ಎಂಬುದು ಒಳಬರುವ ಕರೆಂಟ್: ಸಿ ಇಲ್ಲದಿದ್ದರೆ 20ರಿಂದ 40 ಮಿಲಿಆಂಪ್, ಸಿ ಇದ್ದರೆ 100 ಅಥವಾ ಅದಕ್ಕಿಂತ ಹೆಚ್ಚು. ವಿಒಸಿ ಭಾರವಿಲ್ಲದಾಗಿನ ವೋಲ್ಟೇಜ್, ವಿಇನ್ ಕರೆಂಟ್ ಎಳೆಯುವಾಗಿನದು. ಮೊದಲನೆಯದು 36 ಇದ್ದು ಎರಡನೆಯದು ಹತ್ತು ಹದಿನೈದಕ್ಕೆ ಕುಸಿದರೆ ದಾರಿಯಲ್ಲಿ ಎಲ್ಲೋ ಸಡಿಲ ಜೋಡಣೆಯೋ ತುಕ್ಕು ಹಿಡಿದ ತುದಿಯೋ ಇದೆ ಎಂದು ತಿಳಿಯಿರಿ.

ಶಾಶ್ವತ ಪರಿಹಾರ ಸಿ ವೈರ್ ಕೊಡುವುದು. ಎಷ್ಟೋ ಸಲ ಅದು ಗೋಡೆಯೊಳಗೇ ಇರುತ್ತದೆ. ಥರ್ಮೋಸ್ಟಾಟ್‌ನ ತಳಫಲಕ ಬಿಚ್ಚಿ ಕೇಬಲ್ ಹೊರಗೆಳೆದು ನೋಡಿ, ಬಳಸದ ಒಂದು ಎಳೆ ಹಿಂದಕ್ಕೆ ಸುತ್ತಿಕೊಂಡಿರಬಹುದು. ಹೆಚ್ಚಾಗಿ ಅದು ನೀಲಿ, ಆದರೆ ಬಣ್ಣ ನಂಬಿ ಜೋಡಿಸಬೇಡಿ. ಅದೇ ಎಳೆ ಫರ್ನೇಸ್ ಕಡೆ ಎಲ್ಲಿ ಕೊನೆಯಾಗುತ್ತದೆ ಎಂದು ಕಣ್ಣಾರೆ ನೋಡಬೇಕು.

ಕೆಲಸದ ಕ್ರಮ ಹೀಗೆ. ಫರ್ನೇಸ್ ಮತ್ತು ಏಸಿ ಎರಡರ ಬ್ರೇಕರ್‌ಗಳನ್ನೂ ಇಳಿಸಿ. ಗೋಡೆಯಲ್ಲೂ ಬೋರ್ಡ್‌ನಲ್ಲೂ ಈಗಿರುವ ಜೋಡಣೆಯ ಫೋಟೋ ತೆಗೆದಿಟ್ಟುಕೊಳ್ಳಿ. ಫರ್ನೇಸ್‌ನ ಕೆಳ ಬಾಗಿಲು ತೆಗೆದು ಕಂಟ್ರೋಲ್ ಬೋರ್ಡ್‌ನಲ್ಲಿ ಸಿ ಅಥವಾ ಕಾಮ್ ಎಂದು ಬರೆದ ಸ್ಕ್ರೂ ಹುಡುಕಿ. ಅಲ್ಲಿ ಆಗಲೇ ಒಂದು ವೈರ್ ಇದ್ದರೆ ಅದು ಸಾಮಾನ್ಯವಾಗಿ ಹೊರಗಿನ ಏಸಿ ಯಂತ್ರಕ್ಕೆ ಹೋಗುವುದು, ಅದನ್ನು ತೆಗೆಯದೆ ಹೊಸ ಎಳೆಯನ್ನೂ ಅದೇ ಸ್ಕ್ರೂ ಕೆಳಗೆ ಬಿಗಿಯಿರಿ. ಎರಡೂ ತುದಿಗಳಲ್ಲಿ ಸುಮಾರು 1 ಸೆಂಟಿಮೀಟರ್ ಹೊದಿಕೆ ಬಿಡಿಸಿ ತಾಮ್ರವನ್ನು ನೇರ ಮಾಡಿ. ಕಡಿಮೆ ಬಿಡಿಸಿದರೆ ಕ್ಲಿಪ್ ಪ್ಲಾಸ್ಟಿಕ್ಕನ್ನು ಕಚ್ಚಿಕೊಂಡು ಸಂಪರ್ಕ ಸಿಗುವುದಿಲ್ಲ, ಹೆಚ್ಚು ಬಿಡಿಸಿದರೆ ಪಕ್ಕದ ವೈರ್‌ಗೆ ತಾಗುತ್ತದೆ. ಸಾಧನವನ್ನು ಗೋಡೆಗೆ ಸಿಕ್ಕಿಸುವ ಮೊದಲು ಬಾಗಿಲು ಮುಚ್ಚಿ, ಬ್ರೇಕರ್ ಏರಿಸಿ, ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಆರ್ ಮತ್ತು ಸಿ ನಡುವೆ ಅಳೆಯಿರಿ. 24ರಿಂದ 28ರ ಒಳಗೆ ಬರಬೇಕು. ಮೀಟರ್ ಡಿಸಿಯಲ್ಲಿದ್ದರೆ ಸೊನ್ನೆಯ ಹತ್ತಿರ ತೋರಿಸುತ್ತದೆ, ಅದನ್ನು ನೋಡಿ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಎಂದುಕೊಳ್ಳುವವರು ಬಹಳ.

ಬ್ರೇಕರ್ ಇಳಿಸದೆ ಕೈಹಾಕಿ ಆರ್ ಮತ್ತು ಸಿ ಒಮ್ಮೆ ತಾಗಿದರೆ ಬೋರ್ಡ್‌ನ ಫ್ಯೂಸ್ ಹೋಗುತ್ತದೆ. ಅದು ಕಾರುಗಳಲ್ಲಿ ಬಳಸುವ ಚಪ್ಪಟೆ ಫ್ಯೂಸ್‌ನಂಥದ್ದೇ. 3 ಆಂಪ್ ನೇರಳೆ, 5 ಆಂಪ್ ತಿಳಿ ಕಂದು. ಇದ್ದಷ್ಟೇ ಆಂಪ್‌ನದನ್ನು ಹಾಕಿ. ಫ್ಯೂಸ್ ಇಲ್ಲದ ಬೋರ್ಡ್‌ಗಳಲ್ಲಿ ಸುಡುವುದು ಟ್ರಾನ್ಸ್‌ಫಾರ್ಮರ್.

ಬಿಡಿ ಎಳೆಯೇ ಇಲ್ಲವೆಂದಾದರೆ ಮೂರು ದಾರಿಗಳಿವೆ. ನಮ್ಮ ಮೊದಲ ಆಯ್ಕೆ, ನಿಮ್ಮ ಸಾಧನಕ್ಕೆ ಹೊಂದುವ ಸಿ ವೈರ್ ಅಡಾಪ್ಟರ್. ಅದನ್ನು ಫರ್ನೇಸ್ ಬೋರ್ಡ್ ಹತ್ತಿರ ಕೂರಿಸಿದರೆ ಇರುವ ನಾಲ್ಕೇ ವೈರ್‌ಗಳಲ್ಲಿ ವಿದ್ಯುತ್ತೂ ಸಂದೇಶವೂ ಸಾಗುತ್ತವೆ. ಎರಡನೆಯದು, ಗೋಡೆಯ ಸಾಕೆಟ್‌ಗೆ ಸಿಕ್ಕಿಸುವ 24 ವೋಲ್ಟ್ ಎಸಿ ಟ್ರಾನ್ಸ್‌ಫಾರ್ಮರ್. ಇದು ಕೆಲಸ ಮಾಡುತ್ತದೆ, ಆದರೆ ವೈರ್ ಗೋಡೆಯ ಮೇಲೆ ಕಾಣುತ್ತದೆ, ಯಾರೋ ಪ್ಲಗ್ ಕಿತ್ತರೆ ಮತ್ತೆ ಅದೇ ಕಥೆ. ಮೂರನೆಯದು ಜಿ ವೈರನ್ನೇ ಸಿ ಆಗಿ ಬಳಸುವುದು: ಬೋರ್ಡ್‌ನಲ್ಲಿ ಅದನ್ನು ಜಿ ಇಂದ ತೆಗೆದು ಸಿ ಗೆ, ಗೋಡೆಯಲ್ಲೂ ಸಿ ಗೆ. ಇದಕ್ಕೆ ಖರ್ಚಿಲ್ಲ, ಆದರೆ ಫ್ಯಾನ್ ಮಾತ್ರ ಓಡಿಸುವ ಸೌಲಭ್ಯ ಹೋಗುತ್ತದೆ. ಮುಖ್ಯವಾದ ಎಚ್ಚರಿಕೆ ಒಂದಿದೆ. ಕೆಲವು ಬೋರ್ಡ್‌ಗಳು ವೈ ಸಂದೇಶ ಬಂದೊಡನೆ ತಾವೇ ಫ್ಯಾನ್ ಓಡಿಸುತ್ತವೆ, ಕೆಲವು ಓಡಿಸುವುದಿಲ್ಲ. ಓಡಿಸದ ಬೋರ್ಡ್‌ನಲ್ಲಿ ವೈ ಮತ್ತು ಜಿ ಸ್ಕ್ರೂಗಳ ನಡುವೆ ಒಂದು ತುಂಡು ವೈರ್ ಜೋಡಿಸಲೇಬೇಕು, ಇಲ್ಲದಿದ್ದರೆ ಗಾಳಿಯಿಲ್ಲದೆ ತಂಪು ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟುತ್ತದೆ.

ಪ್ರಶ್ನೆ: ನಮ್ಮಲ್ಲಿ ಸಿ ವೈರ್ ಇದೆ, ವರ್ಷಗಟ್ಟಲೆ ತೊಂದರೆ ಇರಲಿಲ್ಲ. ಈಗ ಏಸಿ ಹೆಚ್ಚು ಓಡುವ ದಿನಗಳಲ್ಲಿ ಬ್ಯಾಟರಿ ಕಡಿಮೆ ಎಂದು ತೋರಿಸಿ ಆರಿಹೋಗುತ್ತದೆ. ಮರುದಿನ ಯಾರೂ ಮುಟ್ಟದೆ ತಾನಾಗಿ ಸರಿಯಾಗುತ್ತದೆ.

ಉತ್ತರ: “ತಾನಾಗಿ ಸರಿಯಾಗುತ್ತದೆ” ಎಂದಿದ್ದೀರಲ್ಲ, ಅದೇ ದೊಡ್ಡ ಸುಳಿವು. ಏಸಿಯ ನೀರು ಹೋಗುವ ಕೊಳವೆಯನ್ನು ಮೊದಲು ನೋಡಿ.

ತಂಪು ಸುರುಳಿಯಿಂದ ತೊಟ್ಟಿಕ್ಕುವ ನೀರು ಒಂದು ತಟ್ಟೆಗೆ ಬಿದ್ದು ಕೊಳವೆಯ ಮೂಲಕ ಹೊರಗೆ ಹೋಗುತ್ತದೆ. ಕೊಳವೆಯಲ್ಲಿ ಲೋಳೆ ಪಾಚಿ ಕಟ್ಟಿದರೆ ತಟ್ಟೆ ತುಂಬಿ ಛಾವಣಿ ನೆನೆಯುತ್ತದೆ. ಅದನ್ನು ತಡೆಯಲು ತಟ್ಟೆಯಲ್ಲೋ ಕೊಳವೆಯಲ್ಲೋ ತೇಲುವ ಸ್ವಿಚ್ ಒಂದನ್ನು ಇಟ್ಟಿರುತ್ತಾರೆ. ನೀರು ಏರಿದರೆ ತೇಲು ಮೇಲೆದ್ದು ಸಂಪರ್ಕ ಕಡಿಯುತ್ತದೆ. ಆ ಸ್ವಿಚ್ಚನ್ನು ವೈ ದಾರಿಯಲ್ಲಿ ಜೋಡಿಸಿದ್ದರೆ ಏಸಿ ಮಾತ್ರ ನಿಲ್ಲುತ್ತದೆ. ಆರ್ ದಾರಿಯಲ್ಲಿ ಜೋಡಿಸಿದ್ದರೆ ಥರ್ಮೋಸ್ಟಾಟ್‌ಗೆ ಬರುವ ವಿದ್ಯುತ್ತೇ ನಿಲ್ಲುತ್ತದೆ, ಆಮೇಲೆ ಅದು ಬ್ಯಾಟರಿಯ ಮೇಲೆ ಇರುವಷ್ಟು ಹೊತ್ತು ಬದುಕುತ್ತದೆ. ಏಸಿ ನಿಂತ ಮೇಲೆ ನೀರು ನಿಧಾನವಾಗಿ ಇಳಿದು ಅಥವಾ ಆರಿ ತೇಲು ಕೆಳಗೆ ಬರುತ್ತದೆ, ವಿದ್ಯುತ್ ಮರಳುತ್ತದೆ. ನಿಮ್ಮ ಮನೆಯಲ್ಲಿ ಆಗುತ್ತಿರುವುದು ಬಹುಮಟ್ಟಿಗೆ ಇದೇ.

ಆರಿರುವಾಗಲೇ ಹೋಗಿ ತಟ್ಟೆಯಲ್ಲಿ ನೀರು ನಿಂತಿದೆಯೇ ನೋಡಿ. ನೀರಿದ್ದರೆ, ಕೊಳವೆಯ ಹೊರತುದಿಗೆ ನೀರು ಎಳೆಯಬಲ್ಲ ವ್ಯಾಕ್ಯೂಮ್ ಕ್ಲೀನರ್ ಹಚ್ಚಿ, ಸಂದಿಗೆ ಬಟ್ಟೆ ಸುತ್ತಿ, ಎರಡು ಮೂರು ನಿಮಿಷ ಎಳೆಯಿರಿ. ಲೋಳೆ ಹೊರಬಂದ ಮೇಲೆ ಒಳಗಿನ ತುದಿಯಿಂದ ಒಂದು ಲೋಟ ವಿನಿಗರ್ ಸುರಿದು ಅರ್ಧ ಗಂಟೆ ಬಿಟ್ಟು ನೀರು ಹಾಯಿಸಿ. ತಟ್ಟೆ ಒಣಗಿದಾಗ ತೇಲನ್ನು ಬೆರಳಿನಿಂದ ಎತ್ತಿ ಪರೀಕ್ಷಿಸಬಹುದು: ಎತ್ತಿದಾಗ ಗೋಡೆಯಲ್ಲಿ ಆರ್ ಮತ್ತು ಸಿ ನಡುವೆ ವೋಲ್ಟೇಜ್ ಹೋಗಿ, ಬಿಟ್ಟಾಗ ಬಂದರೆ ರೋಗನಿರ್ಣಯ ಖಚಿತ. ಸ್ವಿಚ್‌ನ ಎರಡು ವೈರ್‌ಗಳನ್ನು ನೇರ ಜೋಡಿಸಿ ಕೈತೊಳೆದುಕೊಳ್ಳುವ ಉಪಾಯ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಬ್ಯಾಟರಿ ಉಳಿಯುತ್ತದೆ, ಛಾವಣಿ ಉಳಿಯುವುದಿಲ್ಲ.

ತಟ್ಟೆ ಒಣಗಿಯೇ ಇದ್ದರೆ ಟ್ರಾನ್ಸ್‌ಫಾರ್ಮರ್ ಕಡೆ ತಿರುಗಿ. ಸಾಮಾನ್ಯವಾಗಿ ಅದರ ಸಾಮರ್ಥ್ಯ 40 ವಿಎ (ವೋಲ್ಟ್ ಆಂಪಿಯರ್), ಅಂದರೆ 24 ವೋಲ್ಟ್‌ನಲ್ಲಿ ಸುಮಾರು 1.67 ಆಂಪ್ ಮಾತ್ರ. ಅದರ ಮೇಲೆ ಆಮೇಲೆ ಸೇರಿಸಿದ ಹ್ಯೂಮಿಡಿಫೈಯರ್, ವಲಯ ವಾಲ್ವ್‌ಗಳು ಎಲ್ಲವೂ ನೇತುಹಾಕಿದ್ದರೆ ಏಸಿ ಓಡುವಾಗ ವೋಲ್ಟೇಜ್ ಕುಸಿಯುತ್ತದೆ. ಆರ್ ಮತ್ತು ಸಿ ನಡುವೆ ಏಸಿ ನಿಂತಾಗ ಒಮ್ಮೆ, ಓಡುವಾಗ ಒಮ್ಮೆ ಅಳೆಯಿರಿ. ಓಡುವಾಗ 20ಕ್ಕಿಂತ ಕೆಳಗೆ ಹೋದರೆ ಭಾರ ಹೆಚ್ಚಾಗಿದೆ ಅಥವಾ ಟ್ರಾನ್ಸ್‌ಫಾರ್ಮರ್ ಸೊರಗಿದೆ. ಹೆಚ್ಚು ವಿಎ ಇರುವುದನ್ನು ಹಾಕಿಸಬೇಕು. ಇನ್ನೊಂದು ಸಣ್ಣ ಸಂಗತಿ: ಫರ್ನೇಸ್ ಬಾಗಿಲಿನ ಹಿಂದೆ ಒಂದು ಸುರಕ್ಷಾ ಗುಂಡಿ ಇದೆ. ಫಿಲ್ಟರ್ ಬದಲಿಸಿದ ಮೇಲೆ ಬಾಗಿಲು ಸರಿಯಾಗಿ ಕೂರದಿದ್ದರೆ ಆ ಗುಂಡಿ ಪೂರ್ತಿ ಒತ್ತುವುದಿಲ್ಲ, ಯಂತ್ರ ನಡುಗಿದಾಗಲೆಲ್ಲ ವಿದ್ಯುತ್ ಹೋಗಿಬರುತ್ತದೆ.

ಪ್ರಶ್ನೆ: ಬಾಯ್ಲರ್‌ಗೆ ಜೋಡಿಸಿದ ಥರ್ಮೋಸ್ಟಾಟ್. ಗೋಡೆಯಲ್ಲಿ ಎರಡೇ ವೈರ್. ಚಳಿಗಾಲದಲ್ಲಿ ಸರಿಯಾಗಿತ್ತು, ಬೇಸಿಗೆಯಲ್ಲಿ ಆರಿಹೋಯಿತು.

ಉತ್ತರ: ಬೇಸಿಗೆಯಲ್ಲಿ ಬಾಯ್ಲರ್‌ನ ಮುಖ್ಯ ಸ್ವಿಚ್ ಆರಿಸಿದ್ದೀರಾ? ಹಾಗಿದ್ದರೆ ಅದರ 24 ವೋಲ್ಟ್ ಟ್ರಾನ್ಸ್‌ಫಾರ್ಮರ್ ಕೂಡ ಆರಿದೆ, ಬ್ಯಾಟರಿಗೆ ಬರುವ ಕರೆಂಟೂ ನಿಂತಿದೆ. ಬಾಯ್ಲರ್‌ಗೆ ವಿದ್ಯುತ್ ಬಿಟ್ಟು, ಥರ್ಮೋಸ್ಟಾಟ್‌ನಲ್ಲಿ ಮಾತ್ರ ‘ಆಫ್’ ಮಾಡಿಡಿ. ಬಾಯ್ಲರನ್ನು ಪೂರ್ತಿ ಆರಿಸಲೇಬೇಕೆಂದರೆ ಸಾಧನವನ್ನು ತಳಫಲಕದಿಂದ ಕಿತ್ತು, ಪೂರ್ತಿ ಚಾರ್ಜ್ ಮಾಡಿ, ಆಫ್ ಮಾಡಿ ಒಳಗಿಡಿ. ಲಿಥಿಯಂ ಅಯಾನ್ ಬ್ಯಾಟರಿ ತಳ ಕಂಡ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೆ ಮತ್ತೆ ಏಳುವುದು ಕಷ್ಟ.

ಗೋಡೆಯಲ್ಲಿರುವ ಎರಡು ವೈರ್‌ಗಳು ಗ್ಯಾಸ್ ವಾಲ್ವ್‌ಗೆ ನೇರ ಹೋಗುವ ಮಿಲಿವೋಲ್ಟ್ ಜೋಡಣೆಯಾಗಿದ್ದರೆ ಬೇರೆ ಮಾತು. ಪೈಲಟ್ ಜ್ವಾಲೆಯ ಬಿಸಿಯಿಂದ ಹುಟ್ಟುವ ವಿದ್ಯುತ್ ಸುಮಾರು 750 ಮಿಲಿವೋಲ್ಟ್, ಒಂದು ವೋಲ್ಟ್ ಕೂಡ ಇಲ್ಲ. ಅದರಿಂದ ಯಾವ ಬ್ಯಾಟರಿಯನ್ನೂ ತುಂಬಿಸಲಾಗದು. ಅಂಥಲ್ಲಿ ಬಿಡಿ ಬ್ಯಾಟರಿಯ ಮೇಲೆ ಮಾತ್ರ ನಡೆಯುವ, ಮಿಲಿವೋಲ್ಟ್‌ಗೆ ಒಪ್ಪುತ್ತದೆ ಎಂದು ಕೈಪಿಡಿಯಲ್ಲಿ ಬರೆದಿರುವ ಥರ್ಮೋಸ್ಟಾಟ್ ಬೇಕು.

ಪ್ರಶ್ನೆ: ನಮ್ಮದು ಎರಡು ಎಎ ಬ್ಯಾಟರಿ ಹಾಕುವ ಥರ್ಮೋಸ್ಟಾಟ್. ಒಂದು ವರ್ಷ ಬರುತ್ತದೆ ಎಂದು ಬರೆದಿದೆ, ಎರಡು ತಿಂಗಳಿಗೆ ಖಾಲಿಯಾಗುತ್ತಿದೆ. ರೀಚಾರ್ಜ್ ಬ್ಯಾಟರಿ ಹಾಕಿದರೆ ಉಳಿತಾಯವಾಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಒಂದರ ವೋಲ್ಟೇಜ್ 1.2, ಎರಡು ಸೇರಿ 2.4. ಸಾಧನ ನಿರೀಕ್ಷಿಸುವುದು ಎರಡು ಆಲ್ಕಲೈನ್ ಸೆಲ್‌ಗಳ 3 ವೋಲ್ಟ್. ತುಂಬಿದ ಸೆಲ್ಲನ್ನೇ ಅದು ಅರ್ಧ ಖಾಲಿಯಾದದ್ದು ಎಂದು ಓದಿ ಎಚ್ಚರಿಕೆ ಕೊಡಲು ಶುರುಮಾಡುತ್ತದೆ. ಲೇಬಲ್ ಮೇಲೆ ‘ಹೆವಿ ಡ್ಯೂಟಿ’ ಎಂದು ಬರೆದ ಅಗ್ಗದ ಸೆಲ್‌ಗಳೂ ಬೇಡ. ಹೆಸರು ಜೋರಾಗಿದ್ದರೂ ಅವು ಹಳೆಯ ಜಿಂಕ್ ಕಾರ್ಬನ್ ಜಾತಿಯವು, ಆಲ್ಕಲೈನ್‌ಗಿಂತ ಬಹಳ ಕಡಿಮೆ ಶಕ್ತಿ ಹಿಡಿಯುತ್ತವೆ, ಬೇಗ ಸೋರುತ್ತವೆ. ಒಳ್ಳೆಯ ಆಲ್ಕಲೈನ್ ಸಾಕು. ಕೈಪಿಡಿ ಒಪ್ಪಿದರೆ 1.5 ವೋಲ್ಟ್‌ನ, ರೀಚಾರ್ಜ್ ಆಗದ ಲಿಥಿಯಂ ಸೆಲ್ ಹಾಕಬಹುದು. ಅದು ಹೆಚ್ಚು ಕಾಲ ಬರುತ್ತದೆ, ಸೋರುವ ಭಯ ಕಡಿಮೆ. ಆದರೆ ಕೊನೆಯವರೆಗೂ ಒಂದೇ ವೋಲ್ಟೇಜ್ ಹಿಡಿದು ನಂತರ ಥಟ್ಟನೆ ಬೀಳುವುದರಿಂದ ಎಚ್ಚರಿಕೆ ತಡವಾಗಿ ಬರುತ್ತದೆ, ಅದನ್ನು ನೆನಪಿಡಿ. ಹೊಸದು ಹಳೆಯದು ಬೆರೆಸಿ ಹಾಕಿದರೆ ಸೋತ ಸೆಲ್ ಗಟ್ಟಿ ಸೆಲ್ಲನ್ನೂ ಎಳೆದುಕೊಂಡು ಹೋಗುತ್ತದೆ. ಎರಡನ್ನೂ ಒಟ್ಟಿಗೇ ಬದಲಿಸಿ.

ಎರಡು ತಿಂಗಳಿಗೆ ಖಾಲಿ ಎಂದರೆ ಸೆಲ್‌ನ ಜಾತಿಯೊಂದೇ ಕಾರಣವಿರಲಾರದು. ತೆಗೆದ ಸೆಲ್‌ಗಳನ್ನು ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಹೊಸ ಆಲ್ಕಲೈನ್ 1.5ರಿಂದ 1.6 ತೋರಿಸುತ್ತದೆ. ‘ಖಾಲಿ’ ಎಂದು ತೆಗೆದದ್ದರಲ್ಲೂ 1.4ಕ್ಕಿಂತ ಹೆಚ್ಚಿದ್ದರೆ ಸೆಲ್‌ನಲ್ಲಿ ಶಕ್ತಿ ಉಳಿದಿದೆ, ಸಂಪರ್ಕ ಸರಿಯಿಲ್ಲ ಎಂದರ್ಥ. ಸ್ಪ್ರಿಂಗ್ ಮತ್ತು ತಗಡಿನ ಮೇಲೆ ಬಿಳಿ ಪುಡಿ ಇದೆಯೇ ನೋಡಿ. ಅದು ಸೋರಿದ ಕ್ಷಾರ. ವಿನಿಗರ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಒಣಗಿಸಿ. ಸ್ಪ್ರಿಂಗ್ ಕುಗ್ಗಿದ್ದರೆ ಸ್ವಲ್ಪ ಎಳೆದು ಎತ್ತರಿಸಿ.

ಸೆಲ್‌ಗಳು ನಿಜಕ್ಕೂ 1.2ಕ್ಕೆ ಇಳಿದಿದ್ದರೆ ಸಾಧನ ಅತಿಯಾಗಿ ದುಡಿಯುತ್ತಿದೆ. ಇಂಥ ಥರ್ಮೋಸ್ಟಾಟ್‌ಗಳ ರಿಲೇ (ಯಂತ್ರಕ್ಕೆ ಸಂದೇಶ ಕಳಿಸುವ ಒಳಗಿನ ಸ್ವಿಚ್) ಸ್ಥಾನ ಬದಲಿಸುವ ಕ್ಷಣದಲ್ಲಿ ಮಾತ್ರ ವಿದ್ಯುತ್ ತೆಗೆದುಕೊಳ್ಳುತ್ತದೆ, ಹಾಗೇ ಕೂತಿರಲು ಏನೂ ಬೇಕಿಲ್ಲ. ಹಾಗಾಗಿ ಗಂಟೆಗೆ ಹತ್ತು ಹನ್ನೆರಡು ಸಲ ಟಿಕ್ ಎನ್ನುತ್ತಿದ್ದರೆ ಅಷ್ಟೂ ಸಲ ಬ್ಯಾಟರಿ ತೆರಬೇಕು. ಸೆಟ್ಟಿಂಗ್‌ನಲ್ಲಿ ಯಂತ್ರ ಹತ್ತುವ ಮತ್ತು ಆರುವ ತಾಪಮಾನಗಳ ಅಂತರ 0.2 ಅಥವಾ 0.3 ಡಿಗ್ರಿ ಇದ್ದರೆ ಅದನ್ನು 0.5ಕ್ಕೆ ಏರಿಸಿ. ಸಾಧನದ ಹಿಂದಿನ ವೈರ್ ತೂತಿನಿಂದ ಗೋಡೆಯೊಳಗಿನ ತಂಗಾಳಿ ಬೀಸುತ್ತಿದ್ದರೂ ಸೆನ್ಸರ್ ಮೋಸಹೋಗಿ ಯಂತ್ರ ಹತ್ತಿ ಆರುತ್ತಿರುತ್ತದೆ. ಆ ತೂತನ್ನು ಪುಟ್ಟಿಯಿಂದ ಮುಚ್ಚಿ. ಪರದೆಯ ಬೆಳಕು ಸದಾ ಉರಿಯುವಂತಿದ್ದರೆ ಅದನ್ನೂ ಮುಟ್ಟಿದಾಗ ಮಾತ್ರ ಎಂದು ಬದಲಿಸಿ. ನಿಮ್ಮ ಮಾದರಿಗೆ ಸಿ ಟರ್ಮಿನಲ್ ಇದ್ದರೆ ಜೋಡಿಸಿಬಿಡಿ, ಆಗ ಸೆಲ್‌ಗಳು ವಿದ್ಯುತ್ ಹೋದಾಗಿನ ಆಸರೆ ಮಾತ್ರ.

ಪ್ರಶ್ನೆ: ಮನೆಯ ಐದು ರೇಡಿಯೇಟರ್‌ಗಳಿಗೆ ಒಂದೇ ದಿನ ಸ್ಮಾರ್ಟ್ ವಾಲ್ವ್ ತಲೆಗಳನ್ನು ಹಾಕಿದೆವು. ನಾಲ್ಕರಲ್ಲಿ ಬ್ಯಾಟರಿ ಹಾಗೇ ಇದೆ. ಒಂದರಲ್ಲಿ ಆಗಲೇ ಮೂರು ಸಲ ಬದಲಿಸಿದೆವು.

ಉತ್ತರ: ಮೊದಲು ಆ ತಲೆಯನ್ನು ಬೇರೆ ರೇಡಿಯೇಟರ್‌ನ ತಲೆಯೊಂದಿಗೆ ಅದಲುಬದಲು ಮಾಡಿ. ತೊಂದರೆ ತಲೆಯ ಜೊತೆ ಹೋದರೆ ತಲೆ ಬದಲಿಸಬೇಕು. ಅದೇ ರೇಡಿಯೇಟರ್‌ನಲ್ಲಿ ಉಳಿದರೆ ತಪ್ಪು ಕೆಳಗಿನ ವಾಲ್ವ್‌ನದು. ನಮ್ಮ ಅಂದಾಜು ಎರಡನೆಯದು.

ಈ ತಲೆಯೊಳಗೆ ಒಂದು ಮೋಟರ್ ಇದ್ದು ವಾಲ್ವ್‌ನ ಸಣ್ಣ ಪಿನ್ನನ್ನು ಒತ್ತುತ್ತದೆ. ಪಿನ್ನನ್ನು ಮೇಲೆತ್ತುವುದು ವಾಲ್ವ್‌ನದೇ ಸ್ಪ್ರಿಂಗ್. ಸುಣ್ಣ ಕಟ್ಟಿ ಪಿನ್ ಬಿಗಿಯಾಗಿದ್ದರೆ ಮೋಟರ್ ಪ್ರತಿ ಸಲವೂ ಜೀವ ಬಿಟ್ಟು ತಳ್ಳಬೇಕು. ಸಾಕಷ್ಟು ತೆರೆಯಲಿಲ್ಲವೆಂದು ಮತ್ತೆ ಪ್ರಯತ್ನಿಸುತ್ತದೆ, ಬ್ಯಾಟರಿ ಅಲ್ಲಿ ಕರಗುತ್ತದೆ. ತಲೆಯನ್ನು ಬಿಚ್ಚಿ (ಹೆಚ್ಚಿನವುಗಳ ತಿರುಪು 30 ಮಿಲಿಮೀಟರ್ ವ್ಯಾಸದ್ದು, ಅದರ ಎಳೆಗಳ ಅಂತರ 1.5 ಮಿಲಿಮೀಟರ್) ಪಿನ್ನನ್ನು ಸ್ಪ್ಯಾನರ್‌ನ ಚಪ್ಪಟೆ ಬದಿಯಿಂದ ಒತ್ತಿ ಬಿಡಿ. ಅದು ಕೆಲವು ಮಿಲಿಮೀಟರ್ ಒಳಗೆ ಹೋಗಿ ತಾನಾಗಿ ಪುಟಿದೇಳಬೇಕು. ಏಳದಿದ್ದರೆ ಒಂದು ಹನಿ ಸಿಲಿಕೋನ್ ಎಣ್ಣೆ ಬಿಟ್ಟು ಇಪ್ಪತ್ತು ಮೂವತ್ತು ಸಲ ಒತ್ತಿ ಬಿಡುತ್ತಿರಿ. ಇಕ್ಕಳದಿಂದ ಹಿಡಿದು ಮೇಲಕ್ಕೆ ಎಳೆಯಲು ಹೋಗಬೇಡಿ, ಪಿನ್ ಕಿತ್ತು ಬಂದರೆ ಬಿಸಿನೀರು ಚಿಮ್ಮುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ ವಾಲ್ವ್‌ನ ಒಳಭಾಗ ಬದಲಿಸುವುದು ಪ್ಲಂಬರ್ ಕೆಲಸ.

ಕೂರಿಸುವಾಗಲೂ ಒಂದು ತಪ್ಪು ಆಗುತ್ತದೆ. ಬ್ಯಾಟರಿ ಹಾಕಿದ ಮೇಲೆ ತಲೆ ‘ಅಳವಡಿಕೆ’ ಸ್ಥಿತಿಗೆ ಬಂದು ಒಳಗಿನ ದಂಡ ಪೂರ್ತಿ ಹಿಂದೆ ಸರಿಯುವವರೆಗೆ ಕಾಯಬೇಕು. ದಂಡ ಮುಂದಿರುವಾಗಲೇ ತಿರುಗಿಸಿ ಬಿಗಿದರೆ ಅದು ಪಿನ್ನನ್ನು ಒತ್ತಿಕೊಂಡೇ ಕೂರುತ್ತದೆ, ವಾಲ್ವ್ ಎಲ್ಲಿ ತೆರೆಯುತ್ತದೆ ಎಲ್ಲಿ ಮುಚ್ಚುತ್ತದೆ ಎಂಬ ಅಳತೆಯೇ ತಪ್ಪುತ್ತದೆ. ಬಿಚ್ಚಿ ಮತ್ತೆ ಹಾಕಿದಾಗಲೆಲ್ಲ ಹೊಂದಾಣಿಕೆಯ ಓಟವನ್ನು ಹೊಸದಾಗಿ ಮಾಡಿಸಿ. ವಾರಕ್ಕೊಮ್ಮೆ ಪಿನ್ನನ್ನು ಆಡಿಸುವ ವ್ಯವಸ್ಥೆಯನ್ನು ಮಾತ್ರ ಬ್ಯಾಟರಿ ಉಳಿಸುವ ಆಸೆಗೆ ನಿಲ್ಲಿಸಬೇಡಿ. ಸುಣ್ಣ ಕಟ್ಟದಂತೆ ಕಾಯುವುದು ಅದೇ.

ಪಿನ್ ಸಲೀಸಾಗಿದ್ದರೆ ರೇಡಿಯೋ ಸಂಪರ್ಕ ನೋಡಿ. ಆ ಕೋಣೆ ಹಬ್‌ನಿಂದ (ಈ ತಲೆಗಳೊಂದಿಗೆ ಮಾತಾಡುವ ಕೇಂದ್ರ ಸಾಧನ) ದೂರವಿದ್ದರೆ, ರೇಡಿಯೇಟರ್‌ನ ಲೋಹ ಅಡ್ಡವಿದ್ದರೆ, ಕಳಿಸಿದ ಸಂದೇಶಕ್ಕೆ ಉತ್ತರ ಸಿಗದೆ ಮತ್ತೆ ಮತ್ತೆ ಕಳಿಸುತ್ತದೆ. ಜಿಗ್‌ಬೀ (ಮನೆಯ ಸ್ಮಾರ್ಟ್ ಸಾಧನಗಳು ಬಳಸುವ ಒಂದು ರೇಡಿಯೋ ವ್ಯವಸ್ಥೆ) ಸಾಧನವಾದರೆ ನಡುವೆ ಮೇನ್ಸ್‌ನಿಂದ ನಡೆಯುವ ಒಂದು ಜಿಗ್‌ಬೀ ಪ್ಲಗ್ ಹಾಕಿ, ಅದು ಸಂದೇಶವನ್ನು ದಾಟಿಸುತ್ತದೆ. ಬ್ಯಾಟರಿಯ ಮೇಲೆ ನಡೆಯುವ ಸಾಧನಗಳು ಹಾಗೆ ದಾಟಿಸುವುದಿಲ್ಲ.

ಪ್ರಶ್ನೆ: ವೈಫೈ ರೂಟರ್ ಬದಲಿಸಿದ ಮೇಲೆ ಥರ್ಮೋಸ್ಟಾಟ್‌ನ ಬ್ಯಾಟರಿ ಬೇಗ ಇಳಿಯುತ್ತಿದೆ. ಸಂಬಂಧ ಇದೆಯೇ?

ಉತ್ತರ: ಇದೆ. ಈ ಸಾಧನಗಳು ಹೆಚ್ಚಿನ ಹೊತ್ತು ನಿದ್ದೆಯಲ್ಲಿದ್ದು, ರೂಟರ್ ತನಗೇನಾದರೂ ಇಟ್ಟಿದೆಯೇ ಎಂದು ನೋಡಲು ಆಗಾಗ ಏಳುತ್ತವೆ. ರೂಟರ್‌ನಲ್ಲಿ ಡಿಟಿಐಎಂ ಎಂಬ ಅಂಕಿ ಆ ಅಂತರವನ್ನು ನಿಗದಿ ಮಾಡುತ್ತದೆ. 1 ಎಂದಿದ್ದರೆ ಸುಮಾರು 100 ಮಿಲಿಸೆಕೆಂಡಿಗೊಮ್ಮೆ, 3 ಎಂದಿದ್ದರೆ ಅದರ ಮೂರರಷ್ಟು ಅಂತರ. ಬದಲಿಸುವ ಸೌಲಭ್ಯವಿದ್ದರೆ 3 ಮಾಡಿ. ಸಿಗ್ನಲ್ ಬಲ ಮೈನಸ್ 67 ಡಿಬಿಎಂ ಅಥವಾ ಅದಕ್ಕಿಂತ ಚೆನ್ನಾಗಿದ್ದರೆ ನೆಮ್ಮದಿ. ಮೈನಸ್ 80ರ ಹತ್ತಿರವಿದ್ದರೆ ಸಂಪರ್ಕ ಕಳೆದು ಮತ್ತೆ ಹುಡುಕುವುದರಲ್ಲೇ ಬ್ಯಾಟರಿ ಮುಗಿಯುತ್ತದೆ. 2.4 ಗಿಗಾಹರ್ಟ್ಸ್ ಜಾಲವನ್ನು ಬೇರೆ ಹೆಸರಿನಲ್ಲಿಟ್ಟು ಥರ್ಮೋಸ್ಟಾಟನ್ನು ಅದಕ್ಕೇ ಸೇರಿಸುವುದು ಒಳ್ಳೆಯದು. ಗೋಡೆಗಳನ್ನು ದಾಟುವುದರಲ್ಲಿ ಅದು 5 ಗಿಗಾಹರ್ಟ್ಸ್‌ಗಿಂತ ಮೇಲು. ಹಾಗೆಯೇ, ಮನೆಯ ಬೇರೆ ಯಾವುದೋ ಆ್ಯಪ್ ಪ್ರತಿ 30 ಸೆಕೆಂಡಿಗೆ “ಈಗ ತಾಪಮಾನ ಎಷ್ಟು” ಎಂದು ಕೇಳುತ್ತಿಲ್ಲವಷ್ಟೇ? ಕೇಳುತ್ತಿದ್ದರೆ ಅಂತರವನ್ನು ಐದು ನಿಮಿಷಕ್ಕೆ ಏರಿಸಿ.

ಪ್ರಶ್ನೆ: ಸಿ ವೈರ್ ಜೋಡಿಸಿದೆವು, ಆದರೂ ಚಾರ್ಜ್ ಆಗುತ್ತಿಲ್ಲ. ನಮ್ಮಲ್ಲಿ ಆರ್‌ಎಚ್, ಆರ್‌ಸಿ ಎಂದು ಎರಡು ಆರ್ ವೈರ್‌ಗಳಿವೆ.

ಉತ್ತರ: ಬಿಸಿಗೆ ಒಂದು, ತಂಪಿಗೆ ಒಂದು ಎಂದು ಎರಡು ಟ್ರಾನ್ಸ್‌ಫಾರ್ಮರ್‌ಗಳಿವೆ. ಒಂದರ ಆರ್, ಇನ್ನೊಂದರ ಸಿ ಸೇರಿದರೆ ವರ್ತುಲ ಪೂರ್ಣವಾಗುವುದಿಲ್ಲ. ಆರ್‌ಎಚ್ ಮತ್ತು ಸಿ, ಆಮೇಲೆ ಆರ್‌ಸಿ ಮತ್ತು ಸಿ ನಡುವೆ ಅಳೆಯಿರಿ. 24 ವೋಲ್ಟ್ ಒಂದರಲ್ಲಿ ಮಾತ್ರ ಬರುತ್ತದೆ, ನಿಮ್ಮ ಸಿ ಆ ಟ್ರಾನ್ಸ್‌ಫಾರ್ಮರ್‌ನದು. ಸಾಧನ ಯಾವ ಆರ್‌ನಿಂದ ತನ್ನ ವಿದ್ಯುತ್ ತೆಗೆದುಕೊಳ್ಳುತ್ತದೆ ಎಂದು ಕೈಪಿಡಿಯಲ್ಲಿ ನೋಡಿ, ಸಿ ವೈರನ್ನು ಅದೇ ಟ್ರಾನ್ಸ್‌ಫಾರ್ಮರ್‌ಗೆ ಬದಲಿಸಿ. ಎರಡು ಆರ್‌ಗಳನ್ನು ತುಂಡು ವೈರ್‌ನಿಂದ ಒಂದು ಮಾಡುವುದು ಎರಡು ಟ್ರಾನ್ಸ್‌ಫಾರ್ಮರ್ ಇರುವಲ್ಲಿ ತಪ್ಪು.

ಪ್ರಶ್ನೆ: ಏಳು ವರ್ಷದ ಹಳೆಯ ಸಾಧನ. ಸಿ ವೈರ್ ಇದೆ, ವೋಲ್ಟೇಜ್ ಸರಿಯಿದೆ. ಆದರೆ ಮನೆಗೆ ವಿದ್ಯುತ್ ಹೋದ ಐದೇ ನಿಮಿಷಕ್ಕೆ ಆರುತ್ತದೆ.

ಉತ್ತರ: ಇಲ್ಲಿ ಮಾತ್ರ ಬ್ಯಾಟರಿಯದೇ ತಪ್ಪು. ಲಿಥಿಯಂ ಅಯಾನ್ ಬ್ಯಾಟರಿ ವರ್ಷ ಕಳೆದಂತೆ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ, ಹಿಂದೆ ಹಲವು ಸಲ ಪೂರ್ತಿ ಬರಿದಾಗಿದ್ದರೆ ಇನ್ನೂ ಬೇಗ. ಸಿ ಇರುವವರೆಗೆ ದಿನದ ಬಳಕೆಗೆ ಅಡ್ಡಿಯಿಲ್ಲ, ವಿದ್ಯುತ್ ಬಂದೊಡನೆ ಸಾಧನ ತಾನೇ ಎದ್ದು ಹಿಂದಿನ ಸೆಟ್ಟಿಂಗ್‌ನಲ್ಲಿ ನಡೆಯುತ್ತಿದ್ದರೆ ಹಾಗೇ ಬಿಡಬಹುದು. ಆದರೆ ಹಿಂಬದಿ ಉಬ್ಬಿದಂತೆ ಕಂಡರೆ, ಪರದೆಯ ಅಂಚು ಎದ್ದಿದ್ದರೆ, ತಳಫಲಕದಲ್ಲಿ ಮೊದಲಿನಂತೆ ಕೂರದಿದ್ದರೆ ಅಂದೇ ತೆಗೆದು ಪಕ್ಕಕ್ಕಿಡಿ. ಚಾರ್ಜ್ ಮಾಡಬೇಡಿ, ಚುಚ್ಚಿ ನೋಡಬೇಡಿ, ಕಸದ ಬುಟ್ಟಿಗೆ ಹಾಕದೆ ಬ್ಯಾಟರಿ ಮರುಬಳಕೆಗೆ ತೆಗೆದುಕೊಳ್ಳುವಲ್ಲಿಗೆ ಕೊಡಿ.

ಪ್ರಶ್ನೆ: ಹಳೆಯ ಥರ್ಮೋಸ್ಟಾಟ್ ಬಿಚ್ಚಿದಾಗ ಎರಡು ದಪ್ಪ ವೈರ್‌ಗಳು, ತುದಿಗೆ ತಿರುಪಿನ ಟೋಪಿಗಳು ಕಂಡವು. ಇದರಿಂದ ಸ್ಮಾರ್ಟ್ ಥರ್ಮೋಸ್ಟಾಟ್‌ನ ಬ್ಯಾಟರಿ ಚಾರ್ಜ್ ಆಗುತ್ತದೆಯೇ?

ಉತ್ತರ: ಜೋಡಿಸಬೇಡಿ. ಅದು 24 ವೋಲ್ಟ್ ಜೋಡಣೆಯಲ್ಲ. ಗೋಡೆಯ ಹೀಟರ್‌ಗೆ ನೇರ ಹೋಗುವ 120 ಅಥವಾ 240 ವೋಲ್ಟ್ ಮೇನ್ಸ್ ಲೈನ್. ಸಾಮಾನ್ಯ ಸ್ಮಾರ್ಟ್ ಥರ್ಮೋಸ್ಟಾಟ್ ಅದಕ್ಕೆ ತಾಗಿದ ಕ್ಷಣದಲ್ಲೇ ಸುಡುತ್ತದೆ, ಕೈ ತಾಗಿದರೆ ಪ್ರಾಣಕ್ಕೇ ಅಪಾಯ. ಬ್ರೇಕರ್ ಇಳಿಸಿ, ಹಳೆಯದನ್ನು ಇದ್ದಂತೆಯೇ ಮುಚ್ಚಿಡಿ. ಮೇನ್ಸ್ ವೋಲ್ಟೇಜ್‌ಗೆಂದೇ ಮಾಡಿದ ಸ್ಮಾರ್ಟ್ ಥರ್ಮೋಸ್ಟಾಟ್‌ಗಳು ಬೇರೆ ಇವೆ. ಹೀಟರ್‌ನ ವ್ಯಾಟ್ ಎಷ್ಟೆಂದು ಬರೆದುಕೊಂಡು ಅದನ್ನು ತಡೆಯಬಲ್ಲ ಮಾದರಿಯನ್ನು ಆರಿಸಿ, ಜೋಡಣೆಯನ್ನು ಎಲೆಕ್ಟ್ರಿಷಿಯನ್ ಕೈಯಿಂದಲೇ ಮಾಡಿಸಿ.